ಎಡಗಣ್ಣು ಅದರಿದ ವಾರ

ಸೋಮವಾರ, ಜೇಬಿನ ಮೂಲೆಗೆ ಎರಡನೆ ಹೊಲಿಗೆ ಹಾಕುವಾಗ
ಎಡಗಣ್ಣಿನ ಕೆಳರೆಪ್ಪೆ ಪಟಪಟ ಅಂದಿತು.
ಮಿಷಿನ್ನು ನಡುಗುತ್ತಿದೆಯೋ ನಾನೋ,
ಒಂದು ಗಳಿಗೆ ತಿಳಿಯಲಿಲ್ಲ.
ಬಾಯಿ ತಪ್ಪಿ ಅಂದೆ: ಕಣ್ಣು ಅದರ್ತೈತಲ್ಲೇ.
ಅಷ್ಟೇ.
ಕೌಲ್ ಬಜಾರಿನ ಆ ಉದ್ದನೆ ಶೆಡ್ಡಿನಲ್ಲಿ
ಹದಿನಾಲ್ಕು ಮಿಷಿನ್ನು ಒಟ್ಟಿಗೇ ನಿಂತವು.
ಕರೆಂಟು ಹೋದರೂ ಹಾಗೆ ನಿಲ್ಲುವುದಿಲ್ಲ,
ಕಾಲು ಒಂದೆರಡು ಸಲ ಸುಮ್ಮನೆ ತುಳಿದೇ ತುಳಿಯುತ್ತದೆ.

"ಹೆಂಗಸರಿಗೆ ಎಡಗಣ್ಣು ಒಳ್ಳೇದು, ಸುಮ್ನಿರು" ಅಂದಳು ಸುಂಕಮ್ಮ.
"ಮ್ಯಾಲಿನ ರೆಪ್ಪಿ ಆದ್ರ ಒಳ್ಳೇದು, ಕೆಳಗಿಂದಾದ್ರ ಅಳಾದು"
ಅಂದಳು ಅವಳ ನಾದಿನಿ.
ಉಪ್ಪು ಎಷ್ಟು ಅನ್ನುವುದಕ್ಕೂ ಒಪ್ಪಿದವರಲ್ಲ ಅವರಿಬ್ಬರು,
ಉಣ್ಣುವುದು ಮಾತ್ರ ಒಂದೇ ಡಬ್ಬಿಯಲ್ಲಿ.

ಮೆಹಬೂಬ್‌ಬೀ ಕಸಬರಿಗೆ ಕಡ್ಡಿ ಚೂರು ಮುರಿದು
ಎಂಜಲು ಹಚ್ಚಿ ರೆಪ್ಪೆಗೆ ಅಂಟಿಸಿಯೇಬಿಟ್ಟಳು.
"ಇದು ಉದುರಾ ತನಕ ಯಾವ ಕಾಗದಕ್ಕೂ ಹೆಬ್ಬಟ್ಟು ಒತ್ತಬ್ಯಾಡ.
ಮೈದುನ ಬಂದು ಕಾಲು ಹಿಡುದ್ರೂ ಒತ್ತಬ್ಯಾಡ."
ನನಗೆ ಮೈದುನ ಇಲ್ಲ.
ಇಲ್ಲ ಅನ್ನಲಿಲ್ಲ, ಹೂಂ ಅಂದೆ.

ಕಟಿಂಗ್ ಮಾಸ್ಟರ್ ವನ್ನೂರಪ್ಪನಿಗೆ ಎಲ್ಲಕ್ಕೂ ಟ್ಯೂಬ್‌ಲೈಟೇ ಕಾರಣ.
ಮೂರು ಸಲ ಹೇಳಿದಾನಂತೆ, ಒಂದು ಸಲ ಬರೆದೂ ಕೊಟ್ಟಿದಾನಂತೆ,
ಆ ಚೀಟಿಯ ಮೇಲೇ ಓನರ್ ಮಿರ್ಚಿ ಇಟ್ಟುಕೊಂಡು ತಿಂದನಂತೆ.
ರಾಯಲ್ ಸರ್ಕಲ್ಲಿನ ಹತ್ತಿರ ಕಣ್ಣು ಪುಕ್ಕಟೆ ನೋಡ್ತಾರೆ ಅಂದರು ಒಬ್ಬರು,
ನೋಡೋದಷ್ಟೇ ಪುಕ್ಕಟೆ ಅಂದರು ಇನ್ನೊಬ್ಬರು.
ಬಾಳೆಹಣ್ಣು. ಬೇಡ, ಬಾಳೆಹಣ್ಣು ಸೀತ.
ಹಾಗಾದರೆ ಬಿಸಿನೀರು. ಈ ಬಳ್ಳಾರಿ ಬಿಸಿಲಿನಾಗ ಬಿಸಿನೀರಾ?

ಇಸ್ತ್ರಿ ಗಾದಿಲಿಂಗಪ್ಪ ಕೊನೆಗೆ ಬಂದ,
ಹಬೆಯ ಆಚೆಯಿಂದ, ನನ್ನನ್ನು ನೋಡದೆ:
"ನಿದ್ದಿ ಮಾಡಬೇಕವ್ವ.
ರಾತ್ರಿ ಎರಡಕ್ಕ ಎದ್ದು ಬಾಗಲ ಚಿಲಕ ನೋಡಬಾರದು.
ಹಾಕಿದ್ರ ಹಾಕೇತಿ, ತೆಗೆದಿದ್ರ ತೆಗೆದೇತಿ."
ಯಾರಿಗಾಗಿ ಚಿಲಕ ನೋಡುತ್ತಿದ್ದ, ನಾನು ಕೇಳಲಿಲ್ಲ.
ಕೇಳಿದ್ದರೆ ಪ್ಯಾಂಟು ಸುಡುತ್ತಿತ್ತು.

ಬುಧವಾರದ ಹೊತ್ತಿಗೆ ಎಲ್ಲ ಮಾಡಿದ್ದೆ:
ಕಡ್ಡಿ, ಬಾಳೆಹಣ್ಣು, ಬಿಸಿನೀರು,
ಕಣ್ಣಿಗೆ ಒದ್ದೆಬಟ್ಟೆ. ಅದು ನೀಲಿ ಬಿಟ್ಟು
ಒಂದು ದಿನ ಯಾರೋ ಹೊಡೆದವರಂತೆ ಕಂಡೆ.
ಅದಕ್ಕೂ ನಾಲ್ಕು ಜನ ನಾಲ್ಕು ಬುದ್ಧಿ ಹೇಳಿದರು,
ಇಬ್ಬರು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ.

ಶುಕ್ರವಾರ ಒಗ್ಗರಣೆ ಮಂಡಕ್ಕಿ ತಿನ್ನುವಾಗ ನಿಂತುಹೋಗಿತ್ತು.
ಯಾವಾಗ ನಿಂತಿತೋ ಗೊತ್ತಿಲ್ಲ,
ನೊಣ ಎದ್ದು ಹೋದಾಗ ಯಾರಿಗೆ ತಿಳಿಯುತ್ತದೆ?
ನಿಂತಿದ್ದು ಯಾರಿಂದ ಅನ್ನುವುದಕ್ಕೆ ಜಗಳ ಶುರುವಾಯಿತು.
ಸಂಜೆ ಒಬ್ಬೊಬ್ಬರನ್ನೇ ನೀರಿನ ಡ್ರಮ್ಮಿನ ಹತ್ತಿರ ಕರೆದು
"ನಿಂದ ಮದ್ದು ಹತ್ತಿದ್ದು, ಯಾರಿಗೂ ಹೇಳಬ್ಯಾಡ" ಅಂದೆ.
ಗಾದಿಲಿಂಗಪ್ಪನಿಗೂ ಅಂದೆ.
ಆತ ಇಸ್ತ್ರಿ ಎತ್ತಿ ಹಿಡಿದುಕೊಂಡೇ ನಿಂತ.

ಮೊನ್ನೆ ಹಂಪಮ್ಮನ ಮಗಳು ಸ್ಪಂದನ, ಹೊಸಬಳು,
ಹಣೆ ಒತ್ತಿಕೊಂಡು ನನ್ನ ಮಿಷಿನ್ನಿನ ಹತ್ತಿರ ಬಂದಳು:
"ಅಕ್ಕಾ, ತಲಿ ಭಾಳ ನೋಯಕತ್ತೇತಿ."
ಶುಂಠಿ ಅನ್ನಬೇಕೆಂದೇ ಬಾಯಿ ತೆರೆದೆ.
"ಕೂಲಿ ಕೊಟ್ಟ ಕೂಡಲೆ ಅಲ್ಲೇ ನಿಂತು ಎಣಿಸಿಕೋ.
ಮನಿಗೆ ಹೋಗಿ ಎಣಿಸಾಕ ಹೋಗಬ್ಯಾಡ.
ನಂಬಿಕಿ ಐತಲ್ಲ ಅಂತ ನಗ್ತಾರ, ನಗಲಿ, ನೀ ಎಣಿಸು."

ಹುಡುಗಿ ಹಣೆಯಿಂದ ಕೈ ತೆಗೆದು
ನನ್ನ ಮುಖವನ್ನೇ ನೋಡಿದಳು,
ಆಮೇಲೆ ಮೆತ್ತಗೆ ಅಂದಳು: ಹೂಂ.